ಊರು ಬಿಟ್ಟು ಊರು ಕಟ್ಟಿದ ಬೆಂಗಳೂರು

ಮಳೆ ಬಂದು ರಸ್ತೆ ಹೊಳೆಯಾದಾಗ, ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತಾಗ ಬೆಂಗಳೂರಿನ ಬಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಊರು ಯೋಜನೆಯೇ ಇಲ್ಲದೆ ಬೆಳೆಯಿತು. ಮಾತು ಸುಲಭವಾಗಿದೆ, ಆದರೆ ಇತಿಹಾಸ ಅದನ್ನು ಒಪ್ಪುವುದಿಲ್ಲ. 1892ರಲ್ಲಿ ಚಾಮರಾಜಪೇಟೆಗೆ ಗೆರೆ ಎಳೆದಂದಿನಿಂದ ಇಂದಿನ ಕೆಂಪೇಗೌಡ ಬಡಾವಣೆಯವರೆಗೆ ಸರ್ಕಾರವೋ ಅದರ ಮಂಡಳಿಯೋ ಊರಿನ ಅಂಚಿನಲ್ಲಿ ಭೂಮಿ ಪಡೆದು, ಅಳೆದು, ರಸ್ತೆ ಹಾಕಿ, ನಿವೇಶನ ಹಂಚುವ ಕೆಲಸ ಹೆಚ್ಚುಕಡಿಮೆ ಬಿಡದೆ ನಡೆದುಕೊಂಡು ಬಂದಿದೆ. ಇಂಥ ಊರನ್ನು ಯೋಜನೆಯಿಲ್ಲದ ಊರು ಎನ್ನುವುದು ಹೇಗೆ? ಇಲ್ಲಿ ಯೋಜನೆ ಇತ್ತು. ಆದರೆ ಅದು ಒಂದೇ ಬಗೆಯದಾಗಿತ್ತು. ಇದ್ದ ಊರಿನಲ್ಲಿ ತೊಂದರೆ ಕಂಡಾಗ ಅದನ್ನು ಅಲ್ಲೇ ತಿದ್ದುವ ಬದಲು ಹೊರಗೆ ಹೋಗಿ ಹೊಸ ಊರು ಹಾಕುವ ಯೋಜನೆ ಅದು. ಈ ಅಭ್ಯಾಸವನ್ನು ಊರಿನ ಮೈಗೆ ಅಂಟಿಸಿದ್ದು 1898ರ ಪ್ಲೇಗು. ಇಂದಿನ ಬೆಂಗಳೂರಿನ ಅನೇಕ ಕಷ್ಟಗಳು ಯೋಜನೆಯ ಕೊರತೆಯಿಂದ ಹುಟ್ಟಿದವಲ್ಲ, ಈ ಒಂದೇ ಯೋಜನೆಯನ್ನು ನೂರಿಪ್ಪತ್ತು ವರ್ಷ ಎಡೆಬಿಡದೆ ಪಾಲಿಸಿದ್ದರಿಂದ ಹುಟ್ಟಿದವು ಎಂಬುದು ಈ ಬರಹದ ವಾದ.

ಪ್ಲೇಗಿಗೆ ಮುಂಚಿನ ಊರು ಹೇಗಿತ್ತೆಂದು ನೋಡಿದರೆ ಬದಲಾವಣೆಯ ಅಳತೆ ಸಿಗುತ್ತದೆ. 1537ರಲ್ಲಿ ಕೆಂಪೇಗೌಡ ಕಟ್ಟಿದನೆನ್ನುವ ಪೇಟೆಗೆ ದೊಡ್ಡಪೇಟೆ, ಚಿಕ್ಕಪೇಟೆಗಳ ಕೂಡುರಸ್ತೆಯೇ ನಡುವಣ ಗುರುತು. ಅದರ ಸುತ್ತ ಕಸುಬಿಗೊಂದು ಕೇರಿ: ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಮಗ್ಗವಿದ್ದಲ್ಲೇ ಮಲಗುವ ಜಾಗ. ಮನೆಗಳು ಒತ್ತಾಗಿದ್ದುದಕ್ಕೂ ಓಣಿಗಳು ಕಿರಿದಾಗಿದ್ದುದಕ್ಕೂ ಕಾರಣಗಳಿದ್ದವು: ಕೋಟೆಯ ಗೋಡೆಯೊಳಗೆ ಜಾಗ ಕಡಿಮೆ, ವ್ಯಾಪಾರಕ್ಕೆ ಒಬ್ಬರ ಪಕ್ಕ ಒಬ್ಬರು ಇರುವುದೇ ಲಾಭ, ಸರಕು ಸಾಗುವುದು ಎತ್ತಿನ ಗಾಡಿ ಮತ್ತು ತಲೆಹೊರೆಯ ಮೇಲೆ. ಊರ ಸುತ್ತಲಿನ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಕುಡಿಯಲೂ ಬೆಳೆಗೂ ನೀರು ಕೊಡುತ್ತಿದ್ದವು. ಟಿಪ್ಪು ಸುಲ್ತಾನನ ಪತನದ ನಂತರ, 1809ರಲ್ಲಿ, ಬ್ರಿಟಿಷರು ಹಲಸೂರಿನ ಕಡೆ ದಂಡನ್ನು ಸ್ಥಾಪಿಸಿದಾಗ ಪೇಟೆಯ ಪಕ್ಕದಲ್ಲೇ ಎರಡನೆಯ ಊರೊಂದು ಹುಟ್ಟಿತು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆ ಬಂತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗ ಪೇಟೆ ಸಂಸ್ಥಾನಕ್ಕೆ ಸೇರಿತು, ದಂಡು ಬ್ರಿಟಿಷರ ಬಳಿಯೇ ಉಳಿಯಿತು. ವಿಶಾಲ ಕಾಂಪೌಂಡಿನ ಬಂಗಲೆ, ಸಾಲುಮರದ ರಸ್ತೆ, ಪರೇಡು ಮೈದಾನಗಳ ದಂಡನ್ನು ದಿನವೂ ಕಣ್ಣೆದುರು ಕಾಣುತ್ತಿದ್ದ ಸಂಸ್ಥಾನದ ಅಧಿಕಾರಿ ವರ್ಗಕ್ಕೆ ಪೇಟೆಯ ಇಕ್ಕಟ್ಟು ಹಿಂದೆಂದಿಗಿಂತ ಹೆಚ್ಚು ಇಕ್ಕಟ್ಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಚಾಮರಾಜಪೇಟೆ, ಶೇಷಾದ್ರಿಪುರಗಳು ಪ್ಲೇಗಿಗೆ ಆರು ವರ್ಷ ಮೊದಲೇ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹುಟ್ಟಿದವು. ಮಲ್ಲೇಶ್ವರ, ಬಸವನಗುಡಿಗಳ ಆಲೋಚನೆಯೂ ಪ್ಲೇಗು ಕಾಲಿಡುವ ಮುಂಚಿನದೇ. ಹಾಗಿದ್ದ ಮೇಲೆ ಎಲ್ಲಕ್ಕೂ ಪ್ಲೇಗನ್ನು ಹೊಣೆ ಮಾಡುವುದು ಸರಿಯೇ? ಆಕ್ಷೇಪದಲ್ಲಿ ಹುರುಳಿದೆ. ಬಡಾವಣೆಯ ಕಲ್ಪನೆಯನ್ನು ಪ್ಲೇಗು ಸೃಷ್ಟಿಸಲಿಲ್ಲ. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರುವ ವ್ಯವಸ್ಥೆಯೂ ಆಗಿತ್ತು. ಅದಿಲ್ಲದೆ ಕೆರೆಬಾವಿಗಳಿಂದ ದೂರ ಮನೆ ಕಟ್ಟುವುದು ಕಷ್ಟವಿತ್ತು. ಆದರೆ ಚಾಮರಾಜಪೇಟೆಯ ಕಾಲದಲ್ಲಿ ಹೊರಗೆ ಹೋಗುವುದು ಅನುಕೂಲಸ್ಥರ ಆಯ್ಕೆಯಾಗಿತ್ತು. ಯಾರನ್ನೂ ಯಾರೂ ದೂಡಿರಲಿಲ್ಲ. ಪ್ಲೇಗು ಆ ಆಯ್ಕೆಯನ್ನು ಜೀವ ಉಳಿಸುವ ಔಷಧಿಯನ್ನಾಗಿ ಮಾಡಿತು, ಸರ್ಕಾರಕ್ಕೆ ಅದನ್ನು ಆರೋಗ್ಯ ನೀತಿಯನ್ನಾಗಿ ಕೊಟ್ಟಿತು. ಒಂದು ವಿಚಾರ ಹುಟ್ಟುವುದು ಬೇರೆ, ಅದು ಊರಿನ ರೂಢಿಯಾಗುವುದು ಬೇರೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಾದಿ ಹಿಡಿದು ಧಾರವಾಡ, ಹುಬ್ಬಳ್ಳಿಗಳ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಮುಂದೆ ನಡೆದದ್ದು ಅಂದು ಹಿಂದೂಸ್ತಾನದ ಎಷ್ಟೋ ಊರುಗಳಲ್ಲಿ ನಡೆದದ್ದೇ: ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಮನೆಯಿಂದ ಎತ್ತಿ ಬೇರೆ ಇಡುವುದು, ಸೋಂಕು ತಗಲಿದ ಮನೆಗೆ ಸುಣ್ಣ ಬಳಿಯುವುದು, ಬೆಳಕು ಬರಲೆಂದು ಹಂಚು ತೆಗೆಸುವುದು, ಊರ ಹೊರಗೆ ಗುಡಿಸಲುಗಳ ಶಿಬಿರ. ಜನ ಸರ್ಕಾರಕ್ಕೂ ಹೆದರಿದರು, ರೋಗಕ್ಕೂ ಹೆದರಿದರು. ಆ ಭಯದಿಂದ ಹುಟ್ಟಿದ ಪ್ಲೇಗಮ್ಮನ ಗುಡಿಗಳು ಇಂದಿಗೂ ಪೂಜೆ ಪಡೆಯುತ್ತಿವೆ. ಜನಗಣತಿಯ ಅಂಕಿಗಳು ಹೊಡೆತದ ಗಾತ್ರ ಹೇಳುತ್ತವೆ. 1891ರಲ್ಲಿ ಪೇಟೆ, ದಂಡು ಎರಡೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಕಡಿಮೆಯಾದವರೆಲ್ಲ ಸತ್ತವರಲ್ಲ, ಊರು ಬಿಟ್ಟು ನೆಂಟರ ಹಳ್ಳಿಗೆ ಹೋಗಿ ಮರಳದವರೂ ಬಹಳ. ಆದರೆ ಬೆಳೆಯುತ್ತಲೇ ಇದ್ದ ಊರೊಂದು ಹತ್ತು ವರ್ಷದಲ್ಲಿ ಕುಗ್ಗಿತೆಂದರೆ ಆಳುವವರ ಮನಸ್ಸಿನ ಮೇಲೆ ಅದರ ಗುರುತು ಉಳಿಯದೆ ಇರುತ್ತದೆಯೇ? ಮಲ್ಲೇಶ್ವರ, ಬಸವನಗುಡಿಗಳ ಕೆಲಸ ಚುರುಕಾದದ್ದು, ನಿವೇಶನಗಳಿಗೆ ಜನ ಬಂದದ್ದು ಈ ಹಿನ್ನೆಲೆಯಲ್ಲಿ.

ಈ ಎರಡು ಬಡಾವಣೆಗಳ ನಕ್ಷೆಯನ್ನು ರೋಗದ ಬಗ್ಗೆ ಅಂದಿನವರಿಗಿದ್ದ ತಿಳಿವಳಿಕೆಯ ದಾಖಲೆಯಂತೆ ಓದಬಹುದು. ಇಲಿ ಮತ್ತು ಅದರ ಮೈಮೇಲಿನ ಚಿಗಟ ಪ್ಲೇಗನ್ನು ಹರಡುತ್ತವೆ ಎಂಬುದನ್ನು ಫ್ರೆಂಚ್ ವೈದ್ಯ ಸಿಮೋ 1898ರಲ್ಲೇ ಹೇಳಿದ್ದರೂ ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕೊಳಕು, ಕತ್ತಲು, ಕೆಟ್ಟ ಗಾಳಿ ಮತ್ತು ಜನದಟ್ಟಣೆಗಳೇ ರೋಗದ ತಾಯಿಬೇರು ಎಂದು ಹೆಚ್ಚಿನವರು ನಂಬಿದ್ದರು. ಆದ್ದರಿಂದ ನಕ್ಷೆಯಲ್ಲಿ ನೇರವಾದ ಅಗಲ ರಸ್ತೆಗಳು, ಒಂದಕ್ಕೊಂದು ಅಡ್ಡ ಹಾಯುವ ಮೇನ್‌ಗಳು ಮತ್ತು ಕ್ರಾಸ್‌ಗಳು, ಮನೆಯ ಸುತ್ತ ಬಯಲು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂಬದಿಗೆ ಒಂದು ಕಿರಿ ಓಣಿ ಹಾದುಹೋಗುತ್ತದೆ. ಕನ್ಸರ್ವೆನ್ಸಿ ಎಂಬ ಹೆಸರಿನ ಈ ಓಣಿ ಆ ಇಡೀ ಯೋಜನೆಯ ಕೈಪಿಡಿಯಿದ್ದಂತೆ. ಅಂದು ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಿಲ ತುದಿಯಲ್ಲಿತ್ತು. ಮಲ ಎತ್ತಿ ಒಯ್ಯುವವರು ಹಿಂದಿನ ಓಣಿಯಲ್ಲಿ ಬಂದು, ಹಿಂದಿನ ಕಿಂಡಿಯಿಂದಲೇ ಬಕೆಟ್ಟು ಎಳೆದುಕೊಂಡು ಹೋಗಬೇಕು. ಮುಂದಿನ ರಸ್ತೆಯಲ್ಲಿ, ಮನೆಯಂಗಳದಲ್ಲಿ ಅವರು ಕಾಣಿಸಬಾರದು. ನೈರ್ಮಲ್ಯ ಮತ್ತು ಅಸ್ಪೃಶ್ಯತೆ ಎರಡನ್ನೂ ಒಂದೇ ಗೆರೆಯಲ್ಲಿ ಎಳೆದ ನಕ್ಷೆ ಇದು. ಕೊಳಕನ್ನು ತೊಲಗಿಸುವುದಕ್ಕಿಂತ ಅದನ್ನು ಬೆನ್ನ ಹಿಂದೆ ಇಡುವುದು ಇದರ ರೀತಿ. ಊರಿನ ಮಟ್ಟದಲ್ಲಿಯೂ ಬಡಾವಣೆ ಪೇಟೆಗೆ ಮಾಡಿದ್ದು ಅದನ್ನೇ.

ಹೊಸ ಬಡಾವಣೆಗೆ ಹೋದವರು ಯಾರು, ಪೇಟೆಯಲ್ಲಿ ಉಳಿದವರು ಯಾರು ಎಂದು ಕೇಳಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ನಿವೇಶನ ಕೊಂಡು, ಸರ್ಕಾರ ಹೇಳಿದ ಅಳತೆ ಬಿಟ್ಟು ಮನೆ ಕಟ್ಟಲು ಹಣ ಬೇಕು. ಪೇಟೆಯಿಂದ ದೂರ ವಾಸಿಸಲು ಕಚೇರಿಯ ಸಂಬಳವೋ ವಕೀಲಿಯೋ ಬೇಕು. ಮಗ್ಗದವನು ಮಗ್ಗವನ್ನು, ತರಗುಪೇಟೆಯ ಹಮಾಲಿ ಮಂಡಿಯನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಧಾನ್ಯದ ಮೂಟೆ ಇದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಪ್ಲೇಗು ಎಂಬುದನ್ನು ಇಂದು ಬಲ್ಲ ನಮಗೆ ಇದರ ಅರ್ಥ ತಿಳಿಯುತ್ತದೆ: ಹೆಚ್ಚು ಅಪಾಯದಲ್ಲಿದ್ದವರೇ ಹೊಸ ಯೋಜನೆಯಿಂದ ಹೊರಗುಳಿದರು. ಜೊತೆಗೆ ಬಡಾವಣೆಗಳೊಳಗೂ ಜಾತಿ, ಮತಗಳಿಗೆ ತಕ್ಕಂತೆ ಬೇರೆ ಬೇರೆ ಭಾಗಗಳನ್ನು ಗುರುತಿಸಲಾಯಿತು. ಇದಕ್ಕೆ ಎದುರಾಗಿ, ಪೇಟೆಯೂ ಜಾತಿಯ ಕೇರಿಗಳಿಂದಲೇ ಆದದ್ದಲ್ಲವೇ, ಹೊಸದಾಗಿ ಏನು ಕೆಟ್ಟಿತು ಎಂದು ಕೇಳಬಹುದು. ವ್ಯತ್ಯಾಸವಿದೆ. ಪೇಟೆಯ ಕೇರಿಗಳು ಕಸುಬನ್ನು ಹಿಡಿದು ಬೆಳೆದವು. ಗಾಣಿಗನಿಗೂ ಕುಂಬಾರನಿಗೂ ನಗರ್ತನಿಗೂ ನಡುವೆ ದಿನದ ವ್ಯವಹಾರವಿತ್ತು, ಒಬ್ಬರ ಬೀದಿಯನ್ನು ಹಾಯದೆ ಇನ್ನೊಬ್ಬರ ಸರಕು ಸಾಗುತ್ತಿರಲಿಲ್ಲ. ಬಡಾವಣೆಯಲ್ಲಿ ಕಸುಬು ಕಳಚಿಹೋಗಿ ಜಾತಿ ಉಳಿಯಿತು, ಅದೂ ಸರ್ಕಾರದ ನಕ್ಷೆಯಲ್ಲಿ. ಸಂಬಳ, ಜಾತಿ ಮತ್ತು ಆರೋಗ್ಯ ಒಂದೇ ದಿಕ್ಕಿಗೆ ಹೊರಟವು. ದುಡಿಮೆ, ಸರಕು ಮತ್ತು ರೋಗ ಹಳೆಯ ಜಾಗದಲ್ಲೇ ಉಳಿದವು.

ಅಂದು ಬೇರೆ ದಾರಿಗಳೇ ಇರಲಿಲ್ಲವೇ ಎಂದರೆ, ಇದ್ದವು, ಅದೂ ಹತ್ತಿರದಲ್ಲೇ. ಮುಂಬಯಿ ಪ್ಲೇಗಿಗೆ ಉತ್ತರವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಕಟ್ಟಿ, ಹಳೆಯ ಊರಿನ ಒಳಗೆ ರಸ್ತೆ ಕೊರೆಯುವ, ಉತ್ತರಕ್ಕೆ ದಾದರ್, ಮಾಟುಂಗಾಗಳನ್ನು ಬೆಳೆಸುವ ಕೆಲಸಗಳನ್ನು ಒಟ್ಟಿಗೆ ಕೈಗೊಂಡಿತು. ಮೈಸೂರು 1903ರಲ್ಲಿ ತನ್ನದೇ ಟ್ರಸ್ಟ್ ಬೋರ್ಡು ಸ್ಥಾಪಿಸಿಕೊಂಡು ಹೊಸ ಮೊಹಲ್ಲಾಗಳ ಜೊತೆಗೆ ಹಳೆಯ ಊರಿನ ಚರಂಡಿ, ರಸ್ತೆ, ವೃತ್ತಗಳನ್ನೂ ಕೈಗೆತ್ತಿಕೊಂಡಿತು. ಬೆಂಗಳೂರಿನ ದಂಡಿನಲ್ಲಿಯೇ ಇನ್ನೊಂದು ಪ್ರಯೋಗ ನಡೆಯಿತು. ಇಲಿಯ ಪಾತ್ರ ತಿಳಿದ ಮೇಲೆ ಹುಟ್ಟಿದ ಫ್ರೇಜರ್ ಟೌನಿನಲ್ಲಿ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಒತ್ತು ಕೊಟ್ಟದ್ದು ಮನೆಯೊಳಕ್ಕೆ ಇಲಿ ನುಗ್ಗದಂಥ ಕಟ್ಟಡಕ್ಕೆ. ಪ್ಲೇಗು ತಡೆಯುವ ಊರಿನ ಬಗ್ಗೆ ಅವರು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ರೋಗವನ್ನು ನೆಲ, ಗೋಡೆ, ಸೂರುಗಳ ಮಟ್ಟದಲ್ಲಿ ಎದುರಿಸಬಹುದು ಎಂದಾದರೆ ಆ ಚಿಕಿತ್ಸೆ ಪೇಟೆಯ ಮಂಡಿಗಳಿಗೂ ಒಗ್ಗುತ್ತಿತ್ತು. ಹಳೆಯ ಊರನ್ನು ತಿದ್ದುವುದೆಂದರೆ ಅಂದು ಕೆಡವುವುದೇ ಆಗಿತ್ತು, ಮುಂಬಯಿಯ ಟ್ರಸ್ಟ್ ಬಡವರನ್ನು ಬೀದಿಗೆ ತಳ್ಳಿತು, ಅದಕ್ಕಿಂತ ಬೆಂಗಳೂರಿನ ದಾರಿ ಮೃದುವಾದದ್ದು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕಲಾಗದು. ಪೇಟೆ ಇಂದಿಗೂ ಜೀವಂತ ಮಾರುಕಟ್ಟೆಯಾಗಿ ಉಳಿದಿದ್ದರೆ ಅದರಲ್ಲಿ ಈ ಅಲಕ್ಷ್ಯದ ಪಾಲೂ ಇದೆ. 1921ರ ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ಕೆಲಸಗಳು ನಡೆದದ್ದೂ ನಿಜ. ಆದರೆ ಕೆಡವುವುದಕ್ಕೂ ಕೈಬಿಡುವುದಕ್ಕೂ ನಡುವೆ ಸಾಕಷ್ಟು ಜಾಗವಿತ್ತು. ಬೆಂಗಳೂರಿನ ಆಡಳಿತ ಆ ಜಾಗದಲ್ಲಿ ನಿಂತು ಕೆಲಸ ಮಾಡಿದ್ದು ಕಡಿಮೆ.

ಪ್ಲೇಗು ಹೋಯಿತು, ಅದರ ಔಷಧಿ ಉಳಿಯಿತು. 1945ರಲ್ಲಿ ಬೆಂಗಳೂರಿಗೂ ಒಂದು ಟ್ರಸ್ಟ್ ಬೋರ್ಡು ಬಂದಾಗ ಅದರ ಮುಖ್ಯ ಕೆಲಸ ಬಡಾವಣೆ ರಚನೆಯೇ ಆಯಿತು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಯಾದ ಜಯನಗರ, ಅವರ ಹೆಸರನ್ನೇ ಹೊತ್ತ ರಾಜಾಜಿನಗರ, ಆಮೇಲೆ ಇಂದಿರಾನಗರ, ಕೋರಮಂಗಲ, ಬನಶಂಕರಿ ಹೀಗೆ ಸಾಲು ಬೆಳೆಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳೂ ತಂತಮ್ಮ ಕಾಲೊನಿಗಳನ್ನು ಊರಾಚೆ ಕಟ್ಟಿಕೊಂಡವು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದರೂ ಊರು ಬೆಳೆಯುವ ರೀತಿ ಬದಲಾಗಲಿಲ್ಲ. ನಂತರ ಸಮಗ್ರ ಯೋಜನೆಗಳು ಬರಲಿಲ್ಲವೇ ಎಂಬುದು ಬಲವಾದ ಆಕ್ಷೇಪ. ಬಂದವು: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1972ರ ರೂಪರೇಖಾ ಯೋಜನೆ, 1984 ಮತ್ತು 1995ರ ಸಮಗ್ರ ಅಭಿವೃದ್ಧಿ ಯೋಜನೆಗಳು, 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನ್. ಆದರೆ 1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಎರಡು ಕೆಲಸಗಳೂ ಒಟ್ಟಿಗೆ ಬಿದ್ದವು: ಇಡೀ ಊರಿಗೆ ನಕ್ಷೆ ಬರೆಯುವುದು ಮತ್ತು ಭೂಮಿ ಪಡೆದು ನಿವೇಶನ ಮಾರುವುದು. ನಿವೇಶನಗಳ ಹಣ, ಮೂಲೆ ಸೈಟುಗಳ ಹರಾಜು ಅದರ ಜೀವನಾಧಾರ. ಹೊಟ್ಟೆ ಹೊರೆಯುವ ಕೆಲಸ ಮತ್ತು ಕರ್ತವ್ಯದ ಕೆಲಸ ಎರಡೂ ಒಬ್ಬನ ಕೈಯಲ್ಲಿದ್ದಾಗ ಯಾವುದು ಮುಂದೆ ಬರುತ್ತದೆ ಎಂಬುದು ಊಹಿಸಲಾಗದ ಸಂಗತಿಯಲ್ಲ. ನಕ್ಷೆಯಲ್ಲಿ ಹಸಿರು ವಲಯವೆಂದು ಗುರುತಾದ ಭೂಮಿ ಮುಂದಿನ ನಕ್ಷೆಯಲ್ಲಿ ಕಿರಿದಾಗುತ್ತ ಬಂದದ್ದೇ ಇದಕ್ಕೆ ಸಾಕ್ಷಿ.

ಬಡಾವಣೆಗೆ ಗಡಿಯಿದೆ, ಗಡಿಯಾಚೆ ಇರುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಕಷ್ಟಗಳ ಬೇರು ಹೆಚ್ಚಾಗಿ ಈ ಲೆಕ್ಕಕ್ಕೆ ಬಾರದ ನೆಲದಲ್ಲಿದೆ. ಹಳ್ಳಿಯ ಹೊಲಗದ್ದೆಗಳನ್ನು ವಶಪಡಿಸಿಕೊಳ್ಳುವಾಗ ಮನೆಗಳಿದ್ದ ಗ್ರಾಮಠಾಣಾವನ್ನು ಹಾಗೆಯೇ ಬಿಟ್ಟು ಸುತ್ತ ಬಡಾವಣೆ ಹಾಕಲಾಯಿತು. ಜಯನಗರದ ಅಗಲ ರಸ್ತೆಗಳಿಂದ ಭೈರಸಂದ್ರದ, ಸಿದ್ದಾಪುರದ ಹಳೆಯ ಭಾಗಕ್ಕೆ ತಿರುಗಿದರೆ ರಸ್ತೆ ತಟ್ಟನೆ ಓಣಿಯಾಗುವುದು ಇದರಿಂದ. ಭೂಮಿ ಕಳೆದುಕೊಂಡ ರೈತ ಕುಟುಂಬ ತನಗೆ ಉಳಿದ ತುಂಡಿನ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿತು. ಬಡಾವಣೆಯ ಮನೆಗಳಿಗೆ ಕೆಲಸಕ್ಕೆ ಬರುವವರು ಅಲ್ಲಿ ನೆಲೆಸಿದರು. ಕೆರೆಗಳ ಕಥೆಯೂ ಹೀಗೆಯೇ. ಕೊಳವೆಯ ನೀರು ಬಂದ ಮೇಲೆ ಊರಿಗೆ ಕೆರೆ ಬೇಡವಾಯಿತು. ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದ ಮೇಲೆ ರೈತರಿಗೂ ಬೇಡವಾಯಿತು. ತೂಬು ಎತ್ತಿ ಇಳಿಸುವ, ಕಾಲುವೆ ನೋಡಿಕೊಳ್ಳುವ ನೀರುಗಂಟಿಗೆ ಕೆಲಸವಿಲ್ಲದಂತಾಯಿತು. ಕೇಳುವವರಿಲ್ಲದ ಕೆರೆ ಸರ್ಕಾರದ ಕಣ್ಣಿಗೆ ಖಾಲಿ ಜಾಗ. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಕೆರೆಗಳ ಉಳಿವಿಗೆಂದು 1980ರ ದಶಕದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ನೇಮಕವಾಗುವ ಹೊತ್ತಿಗೆ ಊರ ನಡುವಿನ ಕೆರೆಗಳಲ್ಲಿ ಹಲವು ಹೋಗಿಯಾಗಿತ್ತು. ಒಂದು ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗುವ ಸರಪಳಿ ಬಡಾವಣೆಯ ಗಡಿಯನ್ನು ಕೇಳುವುದಿಲ್ಲ. ಪ್ರತಿ ಬಡಾವಣೆಗೂ ತನ್ನ ಚರಂಡಿ ಸರಿಯಿದ್ದರೆ ಸಾಕಿತ್ತು. ಎಲ್ಲರ ಚರಂಡಿ ಸೇರಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಯಾರದೂ ಆಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಐಷಾರಾಮಿ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತಂದಾಗ ಕಂಡದ್ದು ಈ ಪ್ರಶ್ನೆಯ ಬಾಕಿ ಉತ್ತರ.

ಇನ್ನೊಂದು ಆಕ್ಷೇಪ ವೇಗದ್ದು. 1971ರಲ್ಲಿ ಸುಮಾರು 16.5 ಲಕ್ಷವಿದ್ದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತು, ಅಂದರೆ ಹತ್ತೇ ವರ್ಷದಲ್ಲಿ ಶೇಕಡ 76ರಷ್ಟು ಏರಿಕೆ. 2011ಕ್ಕೆ ಅದು 84 ಲಕ್ಷ ದಾಟಿತು. ಈ ಓಟಕ್ಕೆ ಯಾವ ಯೋಜನೆ ತಾನೇ ಹೊಂದಿಕೊಂಡೀತು? ವೇಗ ಸುಳ್ಳಲ್ಲ. ಆದರೆ ಪ್ರಾಧಿಕಾರದ ನಿವೇಶನ ಸಿಗದವರು ಏನು ಮಾಡಿದರೆಂದು ನೋಡಬೇಕು. ಅವರು ಬೇರೆ ಬಗೆಯ ಊರನ್ನೇನೂ ಕಲ್ಪಿಸಿಕೊಳ್ಳಲಿಲ್ಲ; ಸರ್ಕಾರದ ಅಚ್ಚನ್ನೇ ನಕಲು ಮಾಡಿದರು. ರೈತನ ಒಂದೆರಡು ಎಕರೆಯನ್ನು ಥರ್ಟಿ ಫಾರ್ಟಿ ಸೈಟುಗಳಾಗಿ ಕತ್ತರಿಸಿ, ನಡುವೆ ಇಪ್ಪತ್ತು ಅಡಿಯ ದಾರಿ ಬಿಟ್ಟು, ದೇವರ ಹೆಸರಿಟ್ಟು ಮಾರಿದ ಕಂದಾಯ ಬಡಾವಣೆಗಳು ನೂರಾರು. ಪಾರ್ಕು, ಶಾಲೆ, ಒಳಚರಂಡಿಗಳನ್ನು ಕಳೆದರೆ ಉಳಿಯುವ ಬಡಾವಣೆ ಅದು. 2007ರಲ್ಲಿ 110 ಹಳ್ಳಿಗಳನ್ನೂ ಹೊರವಲಯದ ಪುರಸಭೆಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಇಂಥವೆಲ್ಲ ಊರಿನೊಳಗೆ ಬಂದವು. ಬಿ ಖಾತೆ, ಅಕ್ರಮ ಸಕ್ರಮಗಳ ಮುಗಿಯದ ಗೋಜಲು ಅವುಗಳ ಫಲ. ವೇಗ ಊರನ್ನು ದೊಡ್ಡದು ಮಾಡಿತು, ಆದರೆ ಅದಕ್ಕೆ ಈ ಆಕಾರ ಕೊಟ್ಟದ್ದು ವೇಗವಲ್ಲ. ಯೋಜನೆ ಎಂದರೆ ನಿವೇಶನ ಎಂದು ಸರ್ಕಾರ ಮೂರು ತಲೆಮಾರು ಕಲಿಸಿದ್ದನ್ನೇ ಜನ ತಮ್ಮ ಶಕ್ತಿಗೆ ತಕ್ಕಂತೆ ಮಾಡಿಕೊಂಡರು.

ಕೊನೆಗೆ ಉಳಿಯುವುದು ಬಸವನಗುಡಿ, ಮಲ್ಲೇಶ್ವರಗಳನ್ನು ಮೆಚ್ಚುವವರ ಮಾತು. ನಡೆದಾಡಲು ನೆರಳಿರುವ, ದೇವಸ್ಥಾನ, ಮಾರುಕಟ್ಟೆ, ಶಾಲೆಗಳು ಕೈಗೆಟಕುವ ಈ ಬಡಾವಣೆಗಳನ್ನು ಕೊಟ್ಟ ಯೋಜನೆಯನ್ನು ದೂರುವುದು ಹೇಗೆ? ದೂರಬೇಕಾಗಿಲ್ಲ. ಅವು ಚೆನ್ನಾಗಿವೆ, ಏಕೆಂದರೆ ಅವುಗಳ ಬೆನ್ನಿಗೆ ಊರಿನ ಮಟ್ಟದ ಕೆಲಸಗಳಿದ್ದವು: ಹೆಸರಘಟ್ಟದ ನೀರು, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, 1905ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಲಾಲ್‌ಬಾಗಿನ ಕ್ರುಂಬಿಗಲ್ ಬೀದಿಗಳಿಗೆ ಆರಿಸಿದ ಮರಗಳು. ಸೈಟಿನಷ್ಟೇ ಗಮನ ಆ ಕೆಲಸಗಳಿಗೂ ಸಿಕ್ಕಿತ್ತು. ಮುಂದಿನವರು ಆ ಯೋಜನೆಯಿಂದ ಆರಿಸಿಕೊಂಡದ್ದು ನಿವೇಶನವನ್ನು, ಬಿಟ್ಟದ್ದು ಉಳಿದುದನ್ನು. ಆದ್ದರಿಂದ ಬೆಂಗಳೂರಿಗೆ ಬೇಕಾಗಿರುವುದು ಯೋಜನೆ ಎಂಬ ಬೇಡಿಕೆ ಅರ್ಧ ಸತ್ಯ. ಮತ್ತೊಂದು ಬಡಾವಣೆ, ಮತ್ತೊಂದು ಉಪನಗರ ಎಂಬ ಉತ್ತರ ಪ್ರತಿ ಸರ್ಕಾರದ ಬಾಯಲ್ಲೂ ಬರುತ್ತಲೇ ಇದೆ. ಅದು 1898ರ ಉತ್ತರ. ಅಂದು ಹೊರಗೆ ಹೋಗಲು ಜಾಗವಿತ್ತು, ಬಿಟ್ಟುಹೋದದ್ದನ್ನು ಮರೆಯಲೂ ಆಗುತ್ತಿತ್ತು. ಇಂದು ಒಂದು ಬಡಾವಣೆಯ ಹೊರಗು ಇನ್ನೊಂದರ ಅಂಗಳ. ಒಬ್ಬರ ಕೋಡಿ ಇನ್ನೊಬ್ಬರ ನಡುಮನೆ. ಇನ್ನು ಮುಂದೆ ಈ ಊರಿನ ಯಾವ ಯೋಜನೆಯನ್ನಾದರೂ ಅದು ಎಷ್ಟು ನಿವೇಶನ ಕೊಡುತ್ತದೆ ಎಂಬುದರಿಂದ ಅಳೆಯದೆ, ಎರಡು ಬಡಾವಣೆಗಳ ನಡುವೆ ಬಿಟ್ಟುಹೋದ ಹಳ್ಳಿಗೆ, ಕೆರೆಗೆ, ಕಾಲುವೆಗೆ, ಪೇಟೆಯ ಓಣಿಗೆ ಅದು ಏನು ಮಾಡುತ್ತದೆ ಎಂಬುದರಿಂದ ಅಳೆಯಬೇಕು.